ಡಬ್ಬಿಯ ಮೇಲಿನ ಚೀಟಿ

ಕೇಳುಗರಿಗೆ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಇವತ್ತು ಬೆಳಿಗ್ಗೆ ನಡೆದದ್ದು ಹೇಳಿಬಿಡುತ್ತೇನೆ. ನನಗೆ ದೃಷ್ಟಿ ಕಡಿಮೆ. ಈ ಕಾರ್ಯಕ್ರಮ ನಡೆಸುವವರಿಗೆ ಅದು ಗೊತ್ತಿತ್ತು. ಪಾಪ, ತುಂಬಾ ಪ್ರೀತಿಯಿಂದ, ನಾನು ಕೇಳದೇ ಇದ್ದರೂ, ನಾನು ಕಳಿಸಿದ್ದ ಭಾಷಣವನ್ನು ದಪ್ಪ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಇಟ್ಟಿದ್ದರು. ಒಂದು ಸಾಲಿಗೆ ಮೂರೇ ಪದ. ಹಾಳೆಗಳು ಒಂದು ಕಟ್ಟು. ನಾನು ಮೊದಲ ಹಾಳೆ ಎತ್ತಿ ನೋಡಿದೆ. ಒಂದು 'ಕೇ' ಕಾಣಿಸಿತು. ಅಷ್ಟೇ. ಮುಂದಿನ ಅಕ್ಷರಕ್ಕೆ ತಲೆ ತಿರುಗಿಸಬೇಕು.

ಯಾಕೆ ಅಂದರೆ, ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಸುತ್ತಲಿನ ನೋಟ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದು, ಈಗ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಅಕ್ಷರ ದೊಡ್ಡದಾದಷ್ಟೂ ಆ ಕೊಳವೆಯಲ್ಲಿ ಹಿಡಿಸುವುದು ಕಡಿಮೆ. ನನಗೆ ಸಾಧಾರಣ ಗಾತ್ರದ ಅಕ್ಷರವೇ ಸಾಕು, ಆದರೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಬೇಕು, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ ಬೇಕು. ನನ್ನ ಗೆಳತಿಯೊಬ್ಬಳಿಗೆ ಇದರ ಉಲ್ಟಾ. ಅವಳಿಗೆ ಮ್ಯಾಕ್ಯುಲಾ ಹಾಳಾಗಿದೆ, ಅಂದರೆ ನೋಟದ ನಟ್ಟನಡುವೆಯೇ ಮಸುಕು, ಅಂಚಿನಲ್ಲಿ ಕಾಣುತ್ತದೆ. ಮೇಜಿನ ಮೇಲಿದ್ದ ಆ ಹಾಳೆಗಳು ಅವಳಿಗಾದರೆ ಹಬ್ಬ. ನಮ್ಮಿಬ್ಬರ ಅಂಗವೈಕಲ್ಯದ ಕಾರ್ಡಿನಲ್ಲೂ ಬರೆದಿರುವುದು ಒಂದೇ: ದೃಷ್ಟಿ ಮಾಂದ್ಯ, ಮುಂದೆ ಒಂದು ಶೇಕಡಾ ಸಂಖ್ಯೆ. ಆ ಸಂಖ್ಯೆ ಬಸ್ ಪಾಸಿಗೆ ಆಗುತ್ತದೆ, ಪಿಂಚಣಿಗೆ ಆಗುತ್ತದೆ. ನನ್ನ ಮುಂದೆ ಎಂಥ ಹಾಳೆ ಇಡಬೇಕು ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ.

ಈಗ ನಾನು ಓದುತ್ತಿರುವುದು ನನ್ನದೇ ಟ್ಯಾಬ್ಲೆಟ್ಟಿನಿಂದ. ಹಾಳೆಗಳನ್ನು ಗೆಳತಿಗೆ ಕೊಡೋಣ ಅಂತ ಚೀಲದಲ್ಲಿ ಹಾಕಿಕೊಂಡಿದ್ದೇನೆ.

ಇವತ್ತಿನ ವಿಷಯದ ಹೆಸರು ಸ್ವಲ್ಪ ಹೆದರಿಸುವ ಹಾಗಿದೆ: ಮೆಟಾಡೇಟಾ. ಹೆದರಬೇಡಿ. ಅಡುಗೆಮನೆಯ ಡಬ್ಬಿ ಇದೆಯಲ್ಲ, ಅದರ ಮೇಲೆ ಅಂಟಿಸಿದ ಚೀಟಿಯೇ ಮೆಟಾಡೇಟಾ. ಒಳಗಿರುವುದು ರವೆ, ಮೇಲಿನ ಚೀಟಿ ಹೇಳುವುದು ರವೆಯ ಬಗ್ಗೆ. ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಸಸ್ಯಾಹಾರ ಅಂತ ಅರ್ಥ. ಆ ಚುಕ್ಕೆಯಲ್ಲಿ ನನಗೆ ಹಿಡಿಸುವುದು ಏನು ಗೊತ್ತಾ? ಅದು ನಿಮ್ಮನ್ನು ಏನೂ ಕೇಳುವುದಿಲ್ಲ. ನಿಮ್ಮದು ಯಾವ ಜಾತಿ, ಶನಿವಾರ ಅಂತ ಬಿಟ್ಟಿದ್ದೀರಾ, ಡಾಕ್ಟರು ಬೇಡ ಅಂದಿದ್ದಾರಾ, ಊಹೂಂ. ಒಳಗೆ ಏನಿದೆ ಅಂತ ಅದು ಹೇಳುತ್ತದೆ, ತಿನ್ನುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ವೆಬ್‌ಸೈಟು, ವಿಡಿಯೋ, ಇ-ಪುಸ್ತಕಗಳಿಗೂ ಇಂಥದ್ದೊಂದು ಚುಕ್ಕೆ ಇರಲಿ ಅಂತ ಯೋಚನೆ ಮಾಡಿದವರಲ್ಲಿ ಆಗ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದ ಯುಟಾ ಟ್ರೆವಿರಾನಸ್ ಅವರ ತಂಡ ಮುಖ್ಯವಾದದ್ದು. ಐಎಂಎಸ್ ಎಂಬ ಶಿಕ್ಷಣ ತಂತ್ರಜ್ಞಾನದ ಒಕ್ಕೂಟದ ಜೊತೆ ಸೇರಿ 2003, 2004ರ ಹೊತ್ತಿಗೆ ಮೊದಲ ಕರಡುಗಳು ಬಂದವು, 2008ರಲ್ಲಿ ಅದು ಐಎಸ್‌ಒ 24751 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಆಕ್ಸೆಸ್ ಫಾರ್ ಆಲ್ ಅಂತ ಕರೆಯುತ್ತಾರೆ. ಸಂಖ್ಯೆ ಮರೆತುಬಿಡಿ, ನನಗೂ ನೋಡಿಕೊಂಡೇ ಹೇಳಬೇಕು. ಒಳಗಿನ ಯೋಚನೆ ಸುಲಭ. ಎರಡು ಚೀಟಿ. ಒಂದು ಓದುವವರ ಚೀಟಿ: ನನಗೆ ಬಿಳಿ ಅಕ್ಷರ ಬೇಕು, ನನಗೆ ಕ್ಯಾಪ್ಷನ್, ಅಂದರೆ ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ, ಬೇಕು, ನಾನು ಮೌಸ್ ಬಳಸುವುದಿಲ್ಲ, ಕೀಬೋರ್ಡ್ ಮಾತ್ರ. ಇನ್ನೊಂದು ವಸ್ತುವಿನ ಚೀಟಿ: ಈ ವಿಡಿಯೋದಲ್ಲಿ ಕ್ಯಾಪ್ಷನ್ ಇದೆ, ಈ ಪುಸ್ತಕದ ಬಣ್ಣ ಬದಲಿಸಬಹುದು. ಎರಡನ್ನೂ ಜೋಡಿ ಹಾಕುವುದು ಯಂತ್ರದ ಕೆಲಸ.

ಓದುವವರ ಚೀಟಿಯಲ್ಲಿ 'ಕಾಯಿಲೆ' ಅನ್ನುವ ಕಾಲಂ ಇಲ್ಲ. ಈ ಮಾನದಂಡದ ಪ್ರಕಾರ ಕೊರತೆ ಇರುವುದು ಮನುಷ್ಯರಲ್ಲಿ ಅಲ್ಲ, ಮನುಷ್ಯರಿಗೂ ಎದುರಿಗಿರುವ ವಸ್ತುವಿಗೂ ಹೊಂದಾಣಿಕೆ ತಪ್ಪಿದ ಜಾಗದಲ್ಲಿ. ಮೆಟ್ರೋದಲ್ಲಿ ಗಲಾಟೆ, ಇಯರ್‌ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದೀರಿ, ವಿಡಿಯೋ ನೋಡಬೇಕು. ಆ ಹೊತ್ತಿಗೆ ಕ್ಯಾಪ್ಷನ್ ಬೇಕು ಅನ್ನುವ ಚೀಟಿ ನಿಮ್ಮದೂ ಹೌದು. ನಿಮ್ಮ ಕಿವಿ ಚೆನ್ನಾಗಿಯೇ ಇದೆ ಅಲ್ವಾ?

ಇಲ್ಲಿ ಬೆಂಗಳೂರಿನವರೊಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಎಸ್. ಆರ್. ರಂಗನಾಥನ್. ಹುಟ್ಟಿದ್ದು ತಮಿಳುನಾಡಿನಲ್ಲಿ, ಆದರೆ ಕೊನೆಯ ವರ್ಷಗಳನ್ನು ಕಳೆದದ್ದು, 1962ರಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಕೇಂದ್ರ ಕಟ್ಟಿದ್ದು, 1972ರಲ್ಲಿ ತೀರಿಕೊಂಡದ್ದು ಎಲ್ಲಾ ಇದೇ ಊರಿನಲ್ಲಿ. ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದಿದ್ದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಎರಡು ಚೀಟಿ ಅಂದೆನಲ್ಲ, ನೋಡಿ, ಕಂಪ್ಯೂಟರು ಬರುವ ಮೊದಲೇ ಅವರು ಎರಡೂ ಕಡೆಯಿಂದ ಹಿಡಿದಿದ್ದರು.

ವಸ್ತುವಿನ ಚೀಟಿ ಬರೆಯುವುದು ಸುಲಭ ಅಂತ ಅಂದುಕೊಳ್ಳಬೇಡಿ. ಹುಳಿ ಮಾಡುವ ವಿಡಿಯೋ ಒಂದನ್ನೇ ತಗೊಳ್ಳಿ. ಚಿತ್ರ ಇದೆ, ದನಿ ಇದೆ. ಅಂದರೆ ಕಣ್ಣು ಕಾಣದವರಿಗೆ ದನಿ ಇದ್ದೇ ಇದೆಯಲ್ಲ, ಸಾಕಲ್ಲ ಅಂತ ನೀವು ಹೇಳಬಹುದು. ಕೇಳಿ ಈಗ ಆ ದನಿಯನ್ನು. "ಒಗ್ಗರಣೆಗೆ ಇಷ್ಟು ಎಣ್ಣೆ ಹಾಕಿ. ಹುಣಸೆಹಣ್ಣು ಇಷ್ಟು. ಹೀಗೆ ಕಿವುಚಿ. ನೋಡಿ, ಈ ಕಲರ್ ಬಂದಾಗ ಇಳಿಸಿ." ಇಷ್ಟು ಅಂದರೆ ಎಷ್ಟು ಸ್ವಾಮಿ? ಯಾವ ಕಲರ್? ನಾನು ಒಂದು ಸಲ ಇಂಥದ್ದನ್ನು ನಂಬಿ ಮಾಡಿದ ಹುಳಿಯನ್ನು ನಮ್ಮ ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ.

ಇದಕ್ಕೆಂದೇ ಒಂದು ಜಾಣ ಕಾಲಂ ಇದೆ. ಸ್ಕೀಮಾ ಡಾಟ್ ಆರ್ಗ್ ಅಂತ, ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಶುರು ಮಾಡಿದ ಪದಕೋಶ. ವೆಬ್ ಪುಟದೊಳಗೆ, ನಮ್ಮ ಕಣ್ಣಿಗೆ ಬೀಳದ ಹಾಗೆ, ಸರ್ಚ್ ಯಂತ್ರಗಳಿಗೆ ಅರ್ಥವಾಗುವ ಚೀಟಿ ಬರೆಯುವ ವಿಧಾನ. 2013ರಿಂದ ಅದಕ್ಕೆ ಆಕ್ಸೆಸಿಬಿಲಿಟಿಯ, ಅಂದರೆ ಎಲ್ಲರಿಗೂ ಬಳಸಲು ಬರುವಂತಿದೆಯೇ ಅಂತ ಹೇಳುವ, ಕಾಲಂಗಳು ಸೇರುತ್ತ ಬಂದವು. ಅದರಲ್ಲಿ ಆಕ್ಸೆಸ್ ಮೋಡ್ ಅಂತ ಒಂದು: ಇದರಲ್ಲಿ ಚಿತ್ರ, ದನಿ, ಅಕ್ಷರ, ಮುಟ್ಟಿ ತಿಳಿಯುವಂಥದ್ದು, ಏನೇನಿದೆ. ಇನ್ನೊಂದು ಆಕ್ಸೆಸ್ ಮೋಡ್ ಸಫಿಶಿಯಂಟ್: ಇವುಗಳಲ್ಲಿ ಯಾವುದು ಇದ್ದರೆ ಸಾಕು, ವಿಷಯ ಪೂರ್ತಿ ತಿಳಿಯುತ್ತದೆ. ನಮ್ಮ ಹುಳಿಯ ವಿಡಿಯೋದಲ್ಲಿ ಚಿತ್ರ, ದನಿ ಎರಡೂ ಇವೆ, ಆದರೆ ದನಿ ಒಂದೇ ಸಾಲದು. ಅದೇ ಹೆಂಗಸು "ಎರಡು ಚಮಚ ಎಣ್ಣೆ, ನಿಂಬೆಗಾತ್ರದ ಹುಣಸೆ, ಹಸಿ ವಾಸನೆ ಹೋದಾಗ ಇಳಿಸಿ" ಅಂದುಬಿಟ್ಟಿದ್ದರೆ ದನಿಯೇ ಸಾಕಾಗುತ್ತಿತ್ತು. ಖರ್ಚಿಲ್ಲ, ತಂತ್ರಜ್ಞಾನವಿಲ್ಲ, ಬಾಯಿ ಬಿಟ್ಟು ಹೇಳಬೇಕು ಅಷ್ಟೇ.

ನಾನು ಈಗ ಆಡುತ್ತಿರುವ ಮಾತಿಗೆ ಚೀಟಿ ಬರೆದರೂ 'ದನಿ ಮಾತ್ರ' ಅಂತಲೇ ಬರೆಯಬೇಕು. ಕಿವಿ ಕೇಳದವರಿಗೆ ಇದು ಮುಚ್ಚಿದ ಬಾಗಿಲು. ಬರಹವನ್ನೂ ಕೊಟ್ಟಿದ್ದೇನೆ, ಕಾರ್ಯಕ್ರಮದವರು ಎಲ್ಲಾದರೂ ಹಾಕುತ್ತಾರೆ ಅಂತ ಆಸೆ.

ಇನ್ನೊಂದು ಕಾಲಂ ಅಪಾಯದ್ದು. ಮಿನುಗುವ ಬೆಳಕು ಇದೆಯೇ? 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಮಕ್ಕಳ ಕಾರ್ಟೂನೊಂದರಲ್ಲಿ ಕೆಂಪು ನೀಲಿ ಬೆಳಕು ಪಟಪಟ ಅಂತ ಮಿನುಗಿ, ನೋಡುತ್ತಿದ್ದವರಿಗೆ ಫಿಟ್ಸಿನಂಥ ತೊಂದರೆಯಾಗಿ, 600ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಏನೂ ಮಿನುಗಬಾರದು ಅಂತ ವೆಬ್‌ನ ನಿಯಮ ಹೇಳುತ್ತದೆ. ಈ ಕಾಲಂನಲ್ಲಿ ಉತ್ತರ 'ಇದೆ', 'ಇಲ್ಲ' ಅಂತ ಎರಡೇ ಅಲ್ಲ, 'ಗೊತ್ತಿಲ್ಲ' ಅಂತಲೂ ಬರೆಯಬಹುದು. ನನಗೆ ಇದು ಭಾಳ ಇಷ್ಟ. ಪರೀಕ್ಷೆ ಮಾಡದೇ 'ಇಲ್ಲ' ಅನ್ನುವುದಕ್ಕಿಂತ 'ಗೊತ್ತಿಲ್ಲ' ಅನ್ನುವುದು ಎಷ್ಟೋ ಮರ್ಯಾದೆಯ ಉತ್ತರ. ಬಸ್ಸಿನ ವೇಳಾಪಟ್ಟಿಯನ್ನು ಮ್ಯಾಪ್‌ಗಳಿಗೆ ಕೊಡುವ ಜಿಟಿಎಫ್ಎಸ್ ಎಂಬ ನಮೂನೆಯಲ್ಲೂ ಹೀಗೇ. ಈ ಬಸ್ಸಿಗೆ ಗಾಲಿಕುರ್ಚಿ ಹತ್ತುತ್ತದೆಯೇ? 1 ಅಂದರೆ ಹೌದು, 2 ಅಂದರೆ ಇಲ್ಲ, 0 ಅಂದರೆ ಮಾಹಿತಿ ಇಲ್ಲ. ಮೆಜೆಸ್ಟಿಕ್‌ನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಕಾಯುವವರಿಗೆ 2 ಸಿಕ್ಕರೂ ಪರವಾಗಿಲ್ಲ, ಬೇರೆ ದಾರಿ ನೋಡಿಕೊಳ್ಳುತ್ತಾರೆ. ಸುಳ್ಳು 1 ಸಿಕ್ಕರೆ ಅರ್ಧ ದಿನ ಹೋಯಿತು.

ಸುಳ್ಳು ಚೀಟಿ ಅಂದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ತೊಗರಿಬೇಳೆ ಇಡುವುದು ನಮ್ಮ ಮನೆಗಳಲ್ಲಿ ಮಾಮೂಲು. ಅಮ್ಮನಿಗೆ ಗೊತ್ತಿರುತ್ತದೆ, ಬಂದ ನೆಂಟರಿಗೆ ಗೊತ್ತಿರುವುದಿಲ್ಲ. ಇ-ಪುಸ್ತಕದಂಗಡಿಗಳಲ್ಲಿ ನಾನು ಆ ನೆಂಟಳು. ಎರಡು ವರ್ಷದ ಹಿಂದೆ ಒಂದು ಕನ್ನಡ ಪುಸ್ತಕ ದುಡ್ಡು ಕೊಟ್ಟು ಇಳಿಸಿಕೊಂಡೆ. ಅಂಗಡಿಯ ಪುಟದಲ್ಲಿ ಬೆಲೆ, ಪುಟಗಳ ಸಂಖ್ಯೆ, ಎಷ್ಟು ನಕ್ಷತ್ರ, ಎಲ್ಲಾ ಇತ್ತು. ತೆಗೆದರೆ ಪ್ರತಿ ಪುಟವೂ ಸ್ಕ್ಯಾನ್ ಮಾಡಿದ ಫೋಟೋ. ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿನದ್ದನ್ನು ಓದಿ ಹೇಳುವ ತಂತ್ರಾಂಶ, "ಇಮೇಜ್, ಇಮೇಜ್" ಅಂತ ಜಪ ಮಾಡಿತು. ದುಡ್ಡು ವಾಪಸ್ ಕೇಳಿದೆ. ಪುಸ್ತಕ ಸರಿಯಾಗಿ ತೆರೆದಿದೆಯಲ್ಲ ಮೇಡಂ ಅಂದರು.

ಇ-ಪಬ್ ಎಂಬ ಇ-ಪುಸ್ತಕದ ನಮೂನೆಗೆ ಆಕ್ಸೆಸಿಬಿಲಿಟಿಯ ಮಾನದಂಡ 2017ರಲ್ಲೇ ಬಂದಿದೆ, 2023ರಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದರ ಹೊಸ ಆವೃತ್ತಿಯನ್ನು ಶಿಫಾರಸು ಮಾಡಿತು. ಪುಸ್ತಕದೊಳಗೇ ಚೀಟಿ ಇರಬೇಕು ಅನ್ನುತ್ತದೆ ಅದು. ಯುರೋಪಿನಲ್ಲಿ 2025ರ ಜೂನ್ 28ರಿಂದ ಇ-ಪುಸ್ತಕಗಳು ಎಲ್ಲರಿಗೂ ಓದಲು ಬರುವಂತಿರಬೇಕು ಅನ್ನುವುದು ಕಾನೂನೇ ಆಗಿದೆ. ನಾವೇನೂ ಹಿಂದೆ ಬಿದ್ದವರಲ್ಲ. ಓದಲು ಕಷ್ಟವಿರುವವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಕಾಪಿರೈಟ್ ಅಡ್ಡ ಬರಬಾರದು ಎಂಬ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಬಂತು. ಅಂಗಡಿಯ ಪುಟದಲ್ಲಿ ಒಂದು ಸಾಲು ಬರೆಯುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಬೈದದ್ದಾಯಿತು, ಈಗ ನನ್ನ ತಪ್ಪು. ನಾನು ಕೆಲಸ ಮಾಡುವುದು ಒಂದು ಸಣ್ಣ ಪ್ರಕಾಶನದಲ್ಲಿ, ಇ-ಪುಸ್ತಕ ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸ. ಹಳೆಯ ಬೆಂಗಳೂರಿನ ಫೋಟೋಗಳಿರುವ ಒಂದು ಪುಸ್ತಕ ಮಾಡಿದೆವು. 41 ಚಿತ್ರ. ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್, ಅಂದರೆ ಕಾಣದವರಿಗೆ ಓದಿ ಹೇಳುವ ವಿವರಣೆ, ಬರೆಯಬೇಕು. ಗಡುವು ಹತ್ತಿರ ಬಂದಿತ್ತು. 'ಚಿತ್ರ 1', 'ಚಿತ್ರ 2' ಅಂತ ಬರೆಯುತ್ತಾ ಹೋದೆ. ಎಲ್ಲರಿಗೂ ಓದಲು ಬರುವ ಪುಸ್ತಕಗಳಿಗಾಗಿ ಕೆಲಸ ಮಾಡುವ ಡೈಸಿ ಒಕ್ಕೂಟದವರ ಏಸ್ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷೆ ಮಾಡಿದರೆ ಎಲ್ಲಾ ಸರಿ ಅಂತ ಬಂತು. ಬರದೇ ಏನು? ಜಾಗ ಖಾಲಿ ಇದೆಯಾ ಅಂತ ಯಂತ್ರ ನೋಡುತ್ತದೆ, ಬರೆದದ್ದಕ್ಕೆ ಅರ್ಥ ಇದೆಯಾ ಅಂತ ಅದಕ್ಕೇನು ಗೊತ್ತು. ನಾನು ಧೈರ್ಯವಾಗಿ ಚೀಟಿಯಲ್ಲಿ 'ಚಿತ್ರಗಳಿಗೆ ವಿವರಣೆ ಇದೆ' ಅಂತ ಬರೆದೆ. ತಿಂಗಳಾದ ಮೇಲೆ ದಾವಣಗೆರೆಯಿಂದ ಒಬ್ಬ ಓದುಗರು ಫೋನ್ ಮಾಡಿದರು. ಬೇಜಾರಿಲ್ಲದ ದನಿಯಲ್ಲೇ ಕೇಳಿದರು. "ಮೇಡಂ, ಚಿತ್ರ 14ರಲ್ಲಿ ಏನೈತ್ರಿ?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಇಮೇಜ್ ಇಮೇಜ್ ಅಂತ ಜಪ ಕೇಳಿ ಸಿಟ್ಟಾದವಳೇ ನಾನು, ನಾನೇ ಹಾರ್ಲಿಕ್ಸ್ ಬಾಟಲಿ ಇಟ್ಟಿದ್ದೆ.

ಕನ್ನಡಕ್ಕೆ ಇನ್ನೂ ಒಂದು ಸ್ವಂತ ತೊಂದರೆ ಇದೆ. ವೆಬ್ ಪುಟದ ತಲೆಯಲ್ಲಿ ಭಾಷೆ ಯಾವುದು ಅಂತ ಎರಡಕ್ಷರದ ಚೀಟಿ ಇರುತ್ತದೆ. ಕನ್ನಡಕ್ಕೆ ಕೆಎನ್, ಇಂಗ್ಲಿಷಿಗೆ ಇಎನ್. ಸ್ಕ್ರೀನ್ ರೀಡರ್ ಅದನ್ನು ನೋಡಿ ತನ್ನ ದನಿ ಬದಲಿಸಿಕೊಳ್ಳುತ್ತದೆ. ಎಷ್ಟೋ ಕನ್ನಡ ಪುಟ ಮಾಡುವವರು ಯಾವುದೋ ಇಂಗ್ಲಿಷ್ ಮಾದರಿಯನ್ನು ತಂದು, ಇಎನ್ ಅನ್ನುವುದನ್ನು ಹಾಗೇ ಬಿಟ್ಟಿರುತ್ತಾರೆ. ಆಗ ಇಂಗ್ಲಿಷ್ ದನಿ ಕನ್ನಡದ ಮುಂದೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ, ಇಲ್ಲವೇ ಸುಮ್ನೆ ಹಾರಿಸಿಕೊಂಡು ಹೋಗುತ್ತದೆ. ಒಂದೇ ಒಂದು ಅಕ್ಷರ ತಿದ್ದಿದರೆ ಸರಿಹೋಗುವ ರೋಗ ಇದು.

ಅದಕ್ಕಿಂತ ಹಳೆಯ ರೋಗ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಫಾಂಟುಗಳದ್ದು. ಆ ತಂತ್ರಾಂಶಗಳಿಗೆ ನಾವು ಕೃತಜ್ಞರಾಗಿರಬೇಕು, ಕಂಪ್ಯೂಟರಿನಲ್ಲಿ ಕನ್ನಡ ಬೆಳೆದದ್ದೇ ಅವುಗಳಿಂದ. ಈಗ ಅವುಗಳಲ್ಲೂ ಯೂನಿಕೋಡ್, ಅಂದರೆ ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ವ್ಯವಸ್ಥೆ, ಇದೆ. ಆದರೆ ಆಗಿನ ಫಾಂಟುಗಳಲ್ಲಿ ಅಕ್ಷರಕ್ಕೆ ಕನ್ನಡದ ವೇಷ ಮಾತ್ರ, ಒಳಗಿರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆ. ಹಳೆಯ ನುಡಿಯಲ್ಲಿ 'ಕನ್ನಡ' ಅಂತ ಬರೆದದ್ದರ ಒಳಗಿರುವುದು ಪಿ, ಎ, ಪೌಂಡ್ ಗುರುತು, ಹೀಗೆ. ಇವತ್ತಿಗೂ ಆ ಥರದ ಪಿಡಿಎಫ್‌ನಲ್ಲಿ ಸುತ್ತೋಲೆಗಳು ಬರುತ್ತವೆ. ಕಣ್ಣಿಗೆ ಚೊಕ್ಕ ಕನ್ನಡ, ಕಿವಿಗೆ ಪೌಂಡ್ ಪೌಂಡ್. ಕನ್ನಡ ಓದುವ ದನಿ, ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ಎಲ್ಲಾ ಇದ್ದೂ ಇಲ್ಲಿ ಕೈಚೆಲ್ಲಬೇಕು.

ಇನ್ನು ಓದುವವರ ಚೀಟಿಯ ವಿಷಯ. ನಮ್ಮಮ್ಮನಿಗೆ 78. ಕಿವಿ ಮಂದ, ಕೈ ಸ್ವಲ್ಪ ನಡುಗುತ್ತದೆ. ತಂಗಿಯ ಮಗ ಒಂದು ಭಾನುವಾರ ಪೂರ್ತಿ ಕೂತು ಅಜ್ಜಿಯ ಫೋನನ್ನು ಹದ ಮಾಡಿಕೊಟ್ಟ: ಕ್ಯಾಪ್ಷನ್, ದೊಡ್ಡ ಗುಂಡಿಗಳು, ಬೆರಳು ತಪ್ಪಿ ತಾಗಿದರೆ ಲೆಕ್ಕಕ್ಕೆ ತಗೊಳ್ಳದ ಹಾಗೆ. ಫೋನು ಬಕೆಟ್ಟಿಗೆ ಬಿತ್ತು. ಹೊಸದು ಬೇರೆ ಕಂಪನಿಯದ್ದು, ಮತ್ತೆ ಮೊದಲಿನಿಂದ. ಟಿವಿಗೆ ಬೇರೆ, ಬ್ಯಾಂಕಿನ ಯಂತ್ರಕ್ಕೆ ಬೇರೆ. ಅಮ್ಮ ಹೇಳಿದರು, "ಪ್ರತಿ ಸಲ ಹೊಸ ಮನೆಗೆ ಸೊಸೆಯಾಗಿ ಹೋದ ಹಾಗೆ ಕಣೇ."

ಆಕ್ಸೆಸ್ ಫಾರ್ ಆಲ್ ಬರೆದವರ ಕನಸು ಇಲ್ಲೇ ಇತ್ತು. ನನ್ನ ಅಗತ್ಯದ ಚೀಟಿ ನನ್ನ ಜೊತೆ ಓಡಾಡಬೇಕು, ಯಾವ ಕಂಪ್ಯೂಟರಿನ ಮುಂದೆ ಕೂತರೂ ಅದು ನನಗೆ ತಕ್ಕ ಹಾಗೆ ಬದಲಾಗಬೇಕು. ಜಿಪಿಐಐ ಎಂಬ ಹೆಸರಿನಲ್ಲಿ ಹಲವು ದೇಶದವರು ಸೇರಿ ಅದನ್ನು ಮಾಡಿ ತೋರಿಸಿದರು ಕೂಡ. ಬೀದಿಗೆ ಬಂದು ಮುಟ್ಟಿದ್ದು ಅದರ ಚೂರುಗಳು ಮಾತ್ರ. ಫೋನಿನಲ್ಲಿ ಒಂದು ಸಲ 'ಕುಣಿತ ಕಡಿಮೆ ಮಾಡು' ಅಂತ ಹೇಳಿದರೆ ಬ್ರೌಸರ್ ಆ ಮಾತನ್ನು ವೆಬ್‌ಸೈಟಿಗೆ ದಾಟಿಸುತ್ತದೆ. ಕಪ್ಪು ಹಿನ್ನೆಲೆ, ಹೆಚ್ಚು ಕಾಂಟ್ರಾಸ್ಟ್ ಇವುಗಳೂ ಹಾಗೆ ದಾಟುತ್ತವೆ. ಕೇಳಿಸಿಕೊಳ್ಳುವುದು ಸೈಟು ಮಾಡಿದವರ ಮರ್ಜಿ.

ಈ ಚೀಟಿಯ ಬಗ್ಗೆ ನನಗೆ ಭಯವೂ ಇದೆ. ನನಗೆ ಏನು ಬೇಕು ಅಂತ ಹೇಳಿದರೆ ನನಗೆ ಏನಾಗಿದೆ ಅಂತ ಊಹೆ ಮಾಡುವುದು ಕಷ್ಟವಲ್ಲ. ಕೆಲಸ ಕೊಡುವವರು, ವಿಮೆ ಮಾರುವವರು ಊಹೆ ಮಾಡಬಹುದು. ನೀವು ಸ್ಕ್ರೀನ್ ರೀಡರ್ ಬಳಸುತ್ತಿದ್ದೀರಿ ಅನ್ನುವುದನ್ನು ಬ್ರೌಸರ್‌ಗಳು ವೆಬ್‌ಸೈಟಿಗೆ ಹೇಳದೇ ಇರುವುದು ಇದೇ ಕಾರಣಕ್ಕೆ ಒಳ್ಳೆಯದು. ಚೀಟಿ ನನ್ನ ಕೈಯಲ್ಲಿರಲಿ. ಯಾರಿಗೆ ತೋರಿಸಬೇಕು ಅನ್ನುವುದನ್ನು ನಾನೇ ನೋಡಿಕೊಳ್ಳುತ್ತೇನೆ.

ಯಾರ ಚೀಟಿಯನ್ನೂ ನೋಡದ ವ್ಯವಸ್ಥೆ ಹೇಗಿರುತ್ತದೆ ಅನ್ನುವುದಕ್ಕೆ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣವಿದೆ. ಬ್ಯಾಂಕ್ ಖಾತೆಗೆ ಕೆವೈಸಿ ಮಾಡುವಾಗ ಫೋನು 'ಕಣ್ಣು ಮಿಟುಕಿಸಿ' ಅನ್ನುತ್ತದೆ. ಆ್ಯಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋದವರು ಎಲ್ಲಿಂದ ಮಿಟುಕಿಸಬೇಕು? ಕಣ್ಣೇ ಕಾಣದವರು ಮುಖವನ್ನು ಆ ವೃತ್ತದೊಳಗೆ ಹೇಗೆ ಹಿಡಿಯಬೇಕು? 2025ರ ಏಪ್ರಿಲ್ 30ರಂದು ಬಂದ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನದ್ದೇ ಭಾಗ ಎಂದು ಕೋರ್ಟ್ ಹೇಳಿತು, 20 ನಿರ್ದೇಶನಗಳನ್ನೂ ಕೊಟ್ಟಿತು. ಮಿಟುಕಿಸುವುದು ಒಂದು ದಾರಿ, ಇನ್ನೊಂದು ದಾರಿ ಇರಲಿ. ಕೇಳಿದ್ದು ಇಷ್ಟೇ ತಾನೇ?

ದಾವಣಗೆರೆಯವರಿಗೆ ಅವತ್ತೇ ಚಿತ್ರ 14ರಲ್ಲಿ ಏನಿದೆ ಅಂತ ಫೋನಿನಲ್ಲೇ ಹೇಳಿದೆ. ಲಾಲ್‌ಬಾಗಿನ ಗಾಜಿನ ಮನೆ, ಮುಂದೆ ಒಂದು ಜಟಕಾ. ಆಮೇಲೆ ಪುಸ್ತಕವನ್ನು ವಾಪಸ್ ತೆಗೆಸಿ ಪ್ರತಿ ಚಿತ್ರಕ್ಕೂ ಹೊಸದಾಗಿ ವಿವರಣೆ ಬರೆಯಲು ಕೂತಿದ್ದೇನೆ. ಆಫೀಸಿನ ಕೆಲಸ ಮುಗಿಸಿ ರಾತ್ರಿ ಹೊತ್ತು, ಮನೆಯಲ್ಲಿ. 17 ಮುಗಿದಿವೆ. 18ನೆಯದು ಬಸವನಗುಡಿಯ ಕಡಲೆಕಾಯಿ ಪರಿಷೆಯ ಕಪ್ಪುಬಿಳುಪು ಫೋಟೋ. ನನ್ನ ಕೊಳವೆಯಲ್ಲಿ ಅದು ತುಂಡು ತುಂಡಾಗಿ ಬರುತ್ತದೆ: ಒಂದು ತಕ್ಕಡಿ, ಒಂದು ಬಳೆ ತೊಟ್ಟ ಕೈ, ಕಡಲೆಕಾಯಿ ರಾಶಿ, ಹಿಂದೆ ಒಂದು ಚಿಕ್ಕ ಹುಡುಗನ ಬೆನ್ನು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹುಡುಗ ರಾಶಿಯಿಂದ ಕದಿಯುತ್ತಿದ್ದಾನೆ ಅಂತ ಅಮ್ಮ. ಕೆಳಗೆ ಬಿದ್ದದ್ದನ್ನು ಆರಿಸಿಕೊಳ್ಳುತ್ತಿದ್ದಾನೆ ಅಂತ ನಾನು. ಮೂರು ದಿನವಾಯಿತು, ಇನ್ನೂ ತೀರ್ಮಾನವಾಗಿಲ್ಲ. 19ನೆಯದು ಕಾಯುತ್ತಿದೆ.

ನಮಸ್ಕಾರ.